ಅಡಿಕೆ ಸುಲಿಯುತ್ತ ಕಲಿತ ಕೊರಿಯನ್

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವಾಗ ಹನ್ನೊಂದು ಗಂಟೆ. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಮಗಳು ನೋಡುವ ಕೊರಿಯನ್ ಧಾರಾವಾಹಿಗಳು ಆ ಕಿವಿಗೆ ಬಿದ್ದು ಬಿದ್ದು, ಐವತ್ತರ ಹೊಸ್ತಿಲಲ್ಲಿ ನನಗೂ ಆ ಭಾಷೆಯ ಹುಚ್ಚು ಹಿಡಿಯಿತು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೊರಿಯನ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಬೆಂಕಿ, ಹುಲ್ಲು, ಕೊಂಬು, ಈ ಮೂರಕ್ಕೂ ಅವರು ಹೇಳುವ ಪದ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಪುಲ್’ ಎಂದೇ ಕೇಳಿಸುತ್ತದೆ. ಬೆಂಕಿಯದು ಸಡಿಲ, ಹುಲ್ಲಿನದರಲ್ಲಿ ಉಸಿರು ನುಗ್ಗುತ್ತದೆ, ಕೊಂಬಿನದರಲ್ಲಿ ಗಂಟಲು ಬಿಗಿಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಮೂರೂ ಒಂದೇ ಆಗಿ ಹುಲ್ಲಿಗೆ ಬೆಂಕಿ ಬಿದ್ದಿತ್ತು. ಆ ಹಾಳೆಗಳನ್ನು ಹರಿದು, ಬಾಯಿಯ ಮುಂದೆ ಅಂಗೈ ಹಿಡಿದು ಉಸಿರು ತಾಗುತ್ತದೆಯೇ ಎಂದು ನೋಡುತ್ತ ಮತ್ತೆ ಮೊದಲಿನಿಂದ ಶುರುಮಾಡಿದೆ.

ಲಿಪಿಗೆ ಹೆದರಬೇಕಾಗಿಲ್ಲ. ಸೆಜೋಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಇಂದು ಮೂಲಾಕ್ಷರಗಳು 24: ವ್ಯಂಜನ 14, ಸ್ವರ 10. ಅವರ ‘ಕ’ದ ಆಕಾರ ಗಂಟಲ ಕಡೆ ಎದ್ದ ನಾಲಿಗೆಯ ಬುಡದ್ದು, ‘ಮ’ದ ಆಕಾರ ಬಾಯಿಯದು. ಕವರ್ಗ, ಚವರ್ಗ ಎಂದು ಬಾಯಿಯ ಸ್ಥಾನ ಹಿಡಿದೇ ವರ್ಣಮಾಲೆ ಕಲಿತ ನಮಗೆ ಇದು ಹೊಸ ಲೆಕ್ಕವೇನೂ ಅಲ್ಲ. ಒಂದು ವಾರ ಸಾಕು.

ನಿಜವಾದ ಲಾಭ ಇರುವುದು ವಾಕ್ಯದಲ್ಲಿ. ನಾನು ಇಂಗ್ಲಿಷ್ ಪಾಠಗಳನ್ನು ಹಿಡಿದು, ವಾಕ್ಯವನ್ನು ತಲೆಕೆಳಗು ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಿ ಸುಮ್ಮನೆ ದಣಿಯುತ್ತಿದ್ದೆ. ‘ನಾನು ಶಾಲೆಗೆ ಹೋಗುತ್ತೇನೆ’ ಎನ್ನುವಲ್ಲಿ ಅವರಿಗೂ ಕೊನೆಗೇ ಕ್ರಿಯಾಪದ. ನಮ್ಮ ‘ಗೆ’ ಇರುವ ಜಾಗದಲ್ಲಿ ಅವರದೂ ಒಂದು ಪ್ರತ್ಯಯ. ಇನ್ನೂ ಸೊಗಸೆಂದರೆ, ರುಚಿ ನೋಡಲು ಹೇಳುವಾಗ ಅವರೂ ‘ತಿಂದು ನೋಡು’ ಎಂದೇ ಹೇಳುತ್ತಾರೆ, ಅದೇ ‘ನೋಡು’ ಕ್ರಿಯಾಪದ ಬಳಸಿ. ನಮ್ಮ ‘ಬರೆದಿಡು’ ಎಂಬುದಕ್ಕೂ ಅಲ್ಲಿ ಜೋಡಿಯುಂಟು. ಆದ್ದರಿಂದ ಪ್ರತಿ ಹೊಸ ವಾಕ್ಯದ ಕೆಳಗೆ ಕನ್ನಡವನ್ನು ಪದಕ್ಕೆ ಪದ ಬರೆಯಿರಿ. ಅಮ್ಮನಿಗೆ ‘ಒಮ್ಮಾ’, ಅಪ್ಪನಿಗೆ ‘ಅಪ್ಪಾ’ ಎನ್ನುತ್ತಾರೆಂದು ನೆಂಟಸ್ತಿಕೆ ಹುಡುಕುವವರ ಮಾತನ್ನು ಮಾತ್ರ ನಂಬಬೇಡಿ. ಎಷ್ಟೋ ದೇಶಗಳ ಕೂಸುಗಳು ತೊದಲುವುದು ಹಾಗೆಯೇ.

ಅಭ್ಯಾಸಕ್ಕೆ ನನ್ನದು ಒಂದೇ ದಾರಿ. ಎರಡು ನಿಮಿಷದ ಸಂಭಾಷಣೆಯೊಂದನ್ನು ಮೊಬೈಲ್‌ನಲ್ಲಿ ಇಳಿಸಿಟ್ಟುಕೊಳ್ಳುತ್ತೇನೆ; ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಲ್ಲ. ಅದನ್ನೇ ವಾರವಿಡೀ ಕೇಳಿ, ಧ್ವನಿಯ ಬೆನ್ನ ಹಿಂದೆಯೇ ಗಟ್ಟಿಯಾಗಿ ಹೇಳುವುದು. ಅತ್ತೆಯವರಿಗೆ ಮೊದಮೊದಲು ಗಾಬರಿಯಾಗಿತ್ತು. ಹೊಸ ಪದಗಳು ದಿನಕ್ಕೆ ಐದೇ. ಮರುದಿನ, ನಾಲ್ಕನೆಯ ದಿನ, ವಾರದ ನಂತರ ಅವನ್ನು ಪುಸ್ತಕ ನೋಡದೆ ನೆನಪಿಸಿಕೊಳ್ಳುತ್ತೇನೆ. ಬರೀ ಓದಿದ್ದು ನನಗಂತೂ ನಿಂತಿಲ್ಲ.

ಕಾಡಿದ್ದು ಎಣಿಕೆ. ಅವರಲ್ಲಿ ಎರಡು ಬಗೆ: ದೇಶಿಯದೊಂದು, ಚೀನೀ ಮೂಲದ್ದೊಂದು. ಗಡಿಯಾರದ ಗಂಟೆಗೆ ದೇಶಿ, ನಿಮಿಷಕ್ಕೆ ಚೀನೀ. ಹೀಗಾಗಿ ಸುಲಿದ ಅಡಿಕೆಯನ್ನು ದೇಶಿ ಎಣಿಕೆಯಲ್ಲಿ ಎಣಿಸತೊಡಗಿದ್ದೇನೆ. ಆ ಎಣಿಕೆ ತೊಂಬತ್ತೊಂಬತ್ತಕ್ಕೆ ಮುಗಿಯುತ್ತದೆ. ನಮ್ಮ ಅಡಿಕೆ ಮುಗಿಯುವುದಿಲ್ಲ.