ಶಿಬಿರ ಮುಗಿದ ಮಾರನೇ ದಿನ

ಈಗ ನೀವು ನೋಡ್ತಿರೋದು ಖಾಲಿ ಹಾಲ್. ಬ್ಯಾನರ್ ಬಿಚ್ಚಿ ಮಡಚಿಟ್ಟಾಗಿದೆ. ಕುರ್ಚಿಗಳನ್ನ ಒಂದರ ಮೇಲೊಂದು ಪೇರಿಸಿ ಮೂಲೆಗೆ ಸೇರಿಸಿದೀವಿ. ಗೋಡೆ ಮೇಲಿನ ಆ ಅಕ್ಷರಗಳ ಚಾರ್ಟ್ ಒಂದನ್ನ ಮಾತ್ರ ತೆಗೆಯೋಕೆ ಮರೆತುಬಿಟ್ಟಿದ್ವಿ. ನಿನ್ನೆ ಇದೇ ಜಾಗದಲ್ಲಿ ನಮ್ಮ ಸೇವಾ ಕ್ಲಬ್ಬಿನ ಉಚಿತ ನೇತ್ರ ತಪಾಸಣಾ ಶಿಬಿರ ನಡೀತು. ಬೆಳಗ್ಗೆಯಿಂದ ಸಾಲು ನಿಂತಿದ್ದು, ಉದ್ಘಾಟನೆ, ಭಾಷಣ, ಗ್ರೂಪ್ ಫೋಟೋ, ಎಲ್ಲಾ ನನ್ನ ಕ್ಯಾಮೆರಾದಲ್ಲಿದೆ. ಅದನ್ನೇ ಜೋಡಿಸಿ ಹಾಕೋಣ ಅಂತ ರಾತ್ರಿ ಕೂತೆ. ನೋಡ್ತಾ ನೋಡ್ತಾ ಕೈ ನಿಂತೋಯ್ತು. ಹೋದ ವರ್ಷದ ಶಿಬಿರದ ವಿಡಿಯೋನೂ ಹೀಗೇ ಇತ್ತು, ಅಷ್ಟೇ ಚೆನ್ನಾಗಿತ್ತು. ಆದರೆ ಅದರಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು. ಇವತ್ತು ಅದನ್ನ ಹೇಳ್ತೀನಿ.

ಹೋದ ವರ್ಷ ನಾನು ಹೊಸ ಸದಸ್ಯೆ. ಶಿಬಿರದಲ್ಲಿ ನನಗೆ ಕೊಟ್ಟಿದ್ದ ಕೆಲಸ ಕೊನೆಯ ಮೇಜು. ಡಾಕ್ಟರ್ ನೋಡಿದ ಮೇಲೆ ಯಾರಿಗೆ ಮುಂದಿನ ಚಿಕಿತ್ಸೆ ಬೇಕೋ ಅವರ ಕೈಗೆ ಚೀಟಿ ಕೊಡೋದು. ನಗುನಗುತ್ತಾ ಕೊಟ್ಟೆ. ಕೆಲವು ತಿಂಗಳಾದ ಮೇಲೆ ಒಬ್ಬರು ವಯಸ್ಸಾದ ತಾಯಿ ದಾರಿಯಲ್ಲಿ ಸಿಕ್ಕಿದ್ರು. ನನ್ನ ದನಿಯಿಂದಲೇ ಗುರುತು ಹಿಡಿದು, ಪರ್ಸಿನಿಂದ ಅದೇ ಚೀಟಿ ತೆಗೆದ್ರು. ನಾಲ್ಕು ಮಡಿಕೆ ಮಾಡಿ, ಅಂಚು ಸವೆದುಹೋಗೋ ತನಕ ಜೋಪಾನ ಮಾಡಿದ್ರು. "ಇದನ್ನ ಇಟ್ಕೊಂಡಿರಿ ಅಂದ್ರಲ್ಲಮ್ಮಾ, ಇಟ್ಕೊಂಡಿದ್ದೀನಿ. ನೀವೇ ಕರೀತೀರಿ ಅಂತ ಕಾಯ್ತಿದ್ದೆ" ಅಂದ್ರು.

ನಾವು ಕರೆದಿರಲಿಲ್ಲ. ಕರೀಬೇಕು ಅನ್ನೋದೇ ಯಾರ ತಲೆಗೂ ಬಂದಿರಲಿಲ್ಲ. ನಮ್ಮ ವರದಿಯಲ್ಲಿ ಆ ತಾಯಿ ಆಗಲೇ "ಫಲಾನುಭವಿ" ಆಗಿಬಿಟ್ಟಿದ್ರು.

ಅವರಿಗಿದ್ದದ್ದು ಕಣ್ಣಿನ ಪೊರೆ. ಜಗತ್ತಿನಲ್ಲಿ ಅತಿ ಹೆಚ್ಚು ಜನರ ದೃಷ್ಟಿ ಕಸಿದುಕೊಳ್ಳೋ ಕಾರಣಗಳಲ್ಲಿ ಮೊದಲನೆಯದು ಇದು. ಕಣ್ಣೊಳಗಿನ ಮಸೂರ ನಿಧಾನಕ್ಕೆ ಮಬ್ಬಾಗ್ತಾ ಹೋಗತ್ತೆ. ಡ್ರಾಪ್ಸ್ ಹಾಕಿದ್ರೆ ಕರಗೋ ಮಬ್ಬಲ್ಲ ಅದು. ಶಸ್ತ್ರಚಿಕಿತ್ಸೆ ಮಾಡಿ, ಮಬ್ಬಾದ ಮಸೂರ ತೆಗೆದು ಕೃತಕ ಮಸೂರ ಕೂಡಿಸಬೇಕು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯೋ ಕೆಲಸ. ಹಾಗಾದ್ರೆ ಜನ ಯಾಕೆ ಹೋಗಲ್ಲ? ಚೀಟಿ ತಗೊಂಡವರಿಗೆಲ್ಲ ಫೋನ್ ಮಾಡೋಕೆ ಶುರುಮಾಡಿದ ಮೇಲೆ ನನಗೆ ಇದು ಅರ್ಥ ಆಯ್ತು. ಒಬ್ಬರಿಗೆ ಜೊತೆಗೆ ಬರೋರಿಲ್ಲ. ಇನ್ನೊಬ್ಬರು ಮನೆಯಲ್ಲಿ ಹಾಸಿಗೆ ಹಿಡಿದಿರೋ ಗಂಡನನ್ನ ಬಿಟ್ಟು ಬರೋ ಹಾಗಿಲ್ಲ. ಆಪರೇಷನ್ ಆದ ಮೇಲೆ ಕೆಲವು ವಾರ ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕ್ಬೇಕು, ಹಾಕೋರು ಯಾರು ಅನ್ನೋ ಚಿಂತೆ ಮತ್ತೊಬ್ಬರಿಗೆ. ಇನ್ನು ಕೆಲವರು "ಒಂದು ಕಣ್ಣು ಕಾಣ್ತಿದೆಯಲ್ಲ, ಸಾಕು ಬಿಡಿ" ಅಂತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗತ್ತೆ.

ಇಗೋ, ಚೀಟಿ ತಗೊಂಡವರ ಹೆಸರು ಬರೆದಿಡೋ ರಿಜಿಸ್ಟರ್ ಇದು. ಹೆಸರುಗಳು ಕಾಣಬಾರದು ಅಂತ ಕೈ ಅಡ್ಡ ಇಟ್ಟಿದ್ದೀನಿ. ನನ್ನ ವಿಡಿಯೋಗಳಲ್ಲಿ ಶಿಬಿರಕ್ಕೆ ಬಂದವರ ಮುಖ ಯಾಕೆ ತೋರಿಸಲ್ಲ ಅಂತ ಕೆಲವರು ಕೇಳ್ತಿರ್ತೀರಿ. ಅವರು ಬಂದದ್ದು ಕಣ್ಣು ತೋರಿಸೋಕೆ, ನಮ್ಮ ಒಳ್ಳೆಯತನಕ್ಕೆ ಸಾಕ್ಷಿ ಹೇಳೋಕೆ ಬಂದಿಲ್ಲ. ಆದ್ದರಿಂದ ಕ್ಯಾಮೆರಾ ಯಾವಾಗಲೂ ಬೆನ್ನ ಹಿಂದೆ, ಇಲ್ಲಾಂದ್ರೆ ನಮ್ಮ ಕಾರ್ಯಕರ್ತರ ಕೈಗಳ ಮೇಲೆ.

ಈ ವರ್ಷ ರಿಜಿಸ್ಟರ್‌ನಲ್ಲಿ ಹೆಚ್ಚುವರಿ ಕಾಲಂಗಳು ಬಂದಿವೆ. ಯಾವಾಗ ಫೋನ್ ಮಾಡಿದ್ವಿ, ಏನು ಹೇಳಿದ್ರು, ಯಾವ ದಿನ ಹೋಗ್ತಾರೆ, ಜೊತೆಗೆ ಯಾರು, ಹೋಗಿ ಬಂದ ಮೇಲೆ ಏನಾಯ್ತು. ಕೆಲವು ಹೆಸರುಗಳ ಪಕ್ಕ ಕೆಂಪು ಗುರುತಿದೆ. ಇದನ್ನ ಹೇಳಿಕೊಟ್ಟದ್ದು ಶಿಬಿರಕ್ಕೆ ಬಂದಿದ್ದ ಡಾಕ್ಟರ್. ಪೊರೆ ಇದ್ದವರಿಗೆ ಸಾಮಾನ್ಯವಾಗಿ ಕೆಲವು ವಾರ ತಡವಾದ್ರೂ ಆಪರೇಷನ್ ಆದ ಮೇಲೆ ದೃಷ್ಟಿ ಮರಳಿ ಸಿಗತ್ತೆ. ಗ್ಲಾಕೋಮಾ ಹಾಗಲ್ಲ. ಅದರಲ್ಲಿ ಕಣ್ಣಿನ ನರಕ್ಕೆ ಪೆಟ್ಟು ಬೀಳತ್ತೆ, ಒಮ್ಮೆ ಹೋದ ನೋಟ ಹಿಂದೆ ಬರಲ್ಲ. ಹೆಚ್ಚಿನವರಿಗೆ ನೋವೂ ಇರಲ್ಲ, ಅಂಚಿನ ನೋಟ ಸದ್ದಿಲ್ಲದೆ ಕಡಿಮೆ ಆಗ್ತಾ ಹೋಗತ್ತೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ, ಅಂದ್ರೆ ಕಣ್ಣಿನ ಹಿಂಬದಿಯ ಪರದೆ, ಹಾಳಾಗೋದೂ ಮೊದಮೊದಲು ಗೊತ್ತಾಗಲ್ಲ. ಈ ಎರಡರ ಅನುಮಾನ ಇದ್ದವರಿಗೆ ಕೆಂಪು ಗುರುತು. ಅವರಿಗೆ ಮಾರನೇ ದಿನವೇ ಫೋನ್ ಹೋಗಬೇಕು. ಹೋದ ವರ್ಷ ನಮ್ಮ ಹತ್ತಿರ ಎಲ್ಲರದೂ ಒಂದೇ ಪಟ್ಟಿ, ಒಂದೇ ಬಣ್ಣ.

ಫೋನ್‌ನಲ್ಲಿ ಮಾತಾಡೋದನ್ನೂ ಕಲೀಬೇಕಾಯ್ತು. ಮೊದಮೊದಲು "ಆಸ್ಪತ್ರೆಗೆ ಹೋದ್ರಾ?" ಅಂತ ಕೇಳ್ತಿದ್ದೆ. ಹೋಗದೇ ಇದ್ದವರಿಗೆ ಅದು ಗದರಿಸಿದ ಹಾಗೆ ಕೇಳಿಸ್ತಿತ್ತು, "ಹೋಗ್ತೀನಿ, ಹೋಗ್ತೀನಿ" ಅಂತ ಇಟ್ಟುಬಿಡ್ತಿದ್ರು. ಈಗ "ಯಾವ ದಿನ ಅನುಕೂಲ ಆಗತ್ತಮ್ಮಾ? ನಮ್ಮವರೊಬ್ಬರು ಜೊತೆಗೆ ಬರ್ತಾರೆ" ಅಂತ ಶುರು ಮಾಡ್ತೀನಿ. ಅಡ್ಡಿ ಏನಿದೆ ಅನ್ನೋದು ಅವರ ಬಾಯಿಂದಲೇ ಹೊರಗೆ ಬರತ್ತೆ.

ಇದೇನೂ ನಾವು ಕಂಡುಹಿಡಿದದ್ದಲ್ಲ. ಸೇವಾ ಕ್ಲಬ್ಬುಗಳ ಅತಿ ದೊಡ್ಡ ಕೆಲಸವೇ ಹೀಗೆ ಬಿಟ್ಟುಹೋದವರನ್ನ ಹುಡುಕಿಕೊಂಡು ಹೋದದ್ದು. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳಿಗೆ ಪೋಲಿಯೋ ಹನಿ ಹಾಕೋಕೆ ಕೈ ಹಾಕ್ತು. 1985ರಲ್ಲಿ ಅದನ್ನ ಜಗತ್ತಿಗೆಲ್ಲಾ ವಿಸ್ತರಿಸೋ ಪೋಲಿಯೋ ಪ್ಲಸ್ ಯೋಜನೆ ಬಂತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತಿತರರ ಜೊತೆ ಸೇರಿ ನಿರ್ಮೂಲನೆಯ ಅಭಿಯಾನ ಶುರುವಾದಾಗ, 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳು ಪೋಲಿಯೋದಿಂದ ಪಾರ್ಶ್ವವಾಯುವಿಗೆ ತುತ್ತಾಗ್ತಿದ್ರು. ಈಗ ಕಾಡು ವೈರಸ್ಸಿನ, ಅಂದ್ರೆ ಸಹಜವಾಗಿ ಹರಡೋ ಪೋಲಿಯೋ ವೈರಸ್ಸಿನ, ಪ್ರಕರಣಗಳು ಶೇಕಡಾ 99ಕ್ಕಿಂತ ಹೆಚ್ಚು ಇಳಿದಿವೆ. ಬೂತ್ ಹಾಕಿ ಕೂತಿದ್ರಿಂದ ಮಾತ್ರ ಆದದ್ದಲ್ಲ ಇದು. ಹನಿ ಹಾಕಿಸಿಕೊಂಡ ಮಗುವಿನ ಬೆರಳಿಗೆ ಶಾಯಿ ಗುರುತು, ಮನೆ ಬಾಗಿಲ ಮೇಲೆ ಸೀಮೆಸುಣ್ಣದ ಗುರುತು. ಮಗು ಮನೆಯಲ್ಲಿ ಇಲ್ಲದೇ ಇದ್ರೆ ಬೇರೆ ಗುರುತು, ಆ ಮನೆಗೆ ಮತ್ತೆ ಹೋಗಬೇಕು. ಆ ಎರಡನೇ ಭೇಟಿಗೇ ನಾನು ಕೈಮುಗಿಯೋದು.

ಕಣ್ಣಿನ ಕೆಲಸ ಲಯನ್ಸ್ ಕ್ಲಬ್ಬುಗಳದ್ದು ಅಂತ ಎಷ್ಟೋ ಜನ ಗುರುತಿಸ್ತಾರೆ. 1925ರಲ್ಲಿ ಅಮೆರಿಕಾದ ಓಹಾಯೋದಲ್ಲಿ ನಡೆದ ಅವರ ಸಮಾವೇಶಕ್ಕೆ, ಕಣ್ಣು ಕಾಣದ, ಕಿವಿ ಕೇಳದ ಲೇಖಕಿ ಹೆಲೆನ್ ಕೆಲ್ಲರ್ ಬಂದು, ಅಂಧರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡ್ರು. ಅಲ್ಲಿಂದ ಇವತ್ತಿನ ತನಕ ಅದು ಅವರ ಕೆಲಸವಾಗಿ ಉಳಿದಿದೆ. ಇನ್ನೊಂದು ಮಾತು. ಅವತ್ತು ಕೆಲ್ಲರ್ ಮಾತು ಕೇಳಿ ಚಪ್ಪಾಳೆ ತಟ್ಟಿದ ಸಂಸ್ಥೆಗೆ ಹೆಣ್ಣುಮಕ್ಕಳು ಪೂರ್ಣ ಸದಸ್ಯರಾಗೋಕೆ 1987ರ ತನಕ ಕಾಯಬೇಕಾಯ್ತು. ರೋಟರಿಯಲ್ಲೂ ಬಾಗಿಲು ತೆರೆದದ್ದು ಅದೇ ವರ್ಷ ಅಮೆರಿಕಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ. ಈ ರಿಜಿಸ್ಟರ್ ನನ್ನ ಕೈಗೆ ಬಂದ ದಿನ ನನಗೆ ಇದು ನೆನಪಾಯ್ತು.

ಸರಿ, ಹೋದ ವರ್ಷ ಇಂಥ ರಿಜಿಸ್ಟರ್ ಇಲ್ಲದೇ ಇದ್ದದ್ದು ಯಾಕೆ? ನಮ್ಮಲ್ಲಿ ಯಾರಿಗೂ ಕಾಳಜಿ ಇರಲಿಲ್ಲ ಅಂತಲ್ಲ. ಇಂಥ ಕ್ಲಬ್ಬುಗಳಲ್ಲಿ ವರ್ಷ ಶುರುವಾಗೋದು ಜುಲೈ 1ಕ್ಕೆ. ಪದಗ್ರಹಣ ಆಗತ್ತೆ, ಹೊಸ ಅಧ್ಯಕ್ಷರ ಕೊರಳಿಗೆ ಪದವಿಯ ಸರ, ಅಂದ್ರೆ ಕಾಲರ್, ಬೀಳತ್ತೆ, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಒಬ್ಬರೇ ಕುರ್ಚಿ ಹಿಡಿದು ಕೂರದ ಹಾಗೆ ನೋಡಿಕೊಳ್ಳೋ ಈ ಪದ್ಧತಿ ನನಗೆ ಇಷ್ಟ. ಆದರೆ ಬರೋ ಪ್ರತಿಯೊಬ್ಬರಿಗೂ ತಮ್ಮ ವರ್ಷದಲ್ಲಿ ತಮ್ಮದೇ ಒಂದು ಯೋಜನೆ ಆಗಬೇಕು ಅನ್ನೋ ಆಸೆ. ಮೇ ತಿಂಗಳಲ್ಲಿ ಶಿಬಿರ ಮಾಡಿದ್ರೆ, ಚೀಟಿ ತಗೊಂಡವರು ಆಸ್ಪತ್ರೆಗೆ ಹೋಗೋ ಹೊತ್ತಿಗೆ ಪಟ್ಟಿ ಹಳೇ ಕಾರ್ಯದರ್ಶಿಯ ಚೀಲದಲ್ಲಿರತ್ತೆ. ಹಿಂದಿನವರ ಶಿಬಿರದಲ್ಲಿ ಉಳಿದ ಫೋನ್ ಕರೆ ಮಾಡಿದ್ದಕ್ಕೆ ಯಾರೂ ಶಾಲು ಹೊದಿಸಲ್ಲ.

ಹಾಗಾಗಿ ಹೋದ ವಾರದ ಸಭೆಯಲ್ಲಿ ನಾನು ಎದ್ದು ನಿಂತು ಒಂದು ವಿಷಯ ಕೇಳಿದೆ. ಪದಾಧಿಕಾರಿಗಳು ಬದಲಾಗಲಿ, ರಿಜಿಸ್ಟರ್ ನೋಡಿಕೊಳ್ಳೋ ಇಬ್ಬರು ಮಾತ್ರ ಕನಿಷ್ಠ ಮೂರು ವರ್ಷ ಇರಲಿ, ಪ್ರತಿ ಸಭೆಯಲ್ಲೂ ಲೆಕ್ಕಪತ್ರ ಓದಿದ ಹಾಗೆ ಬಾಕಿ ಹೆಸರುಗಳ ಸಂಖ್ಯೆಯನ್ನೂ ಓದಲಿ ಅಂತ. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ರು. ಆಮೇಲೆ ನಮ್ಮ ಹಿರಿಯ ಸದಸ್ಯರೊಬ್ಬರು, ಕ್ಲಬ್ ಶುರುವಾದಾಗಿನಿಂದ ಇರೋರು, "ನಾನು ಅನುಮೋದಿಸ್ತೀನಿ" ಅಂದ್ರು. ಅವರ ಅಧ್ಯಕ್ಷತೆಯ ವರ್ಷದಲ್ಲೂ ಶಿಬಿರ ಆಗಿತ್ತಂತೆ. ಆ ಪಟ್ಟಿ ಎಲ್ಲಿದೆ ಅಂತ ಈಗ ತಮಗೂ ಗೊತ್ತಿಲ್ಲ ಅಂತ ಹೇಳುವಾಗ ಅವರ ದನಿ ತಗ್ಗಿತ್ತು. ಠರಾವು ಪಾಸಾಯ್ತು.

ಈ ತಿಂಗಳ ಉಳಿದ ಸುದ್ದಿ ಬೇಗ ಹೇಳಿಬಿಡ್ತೀನಿ. ಸಾಲವಾಗಿ ಕೊಡೋ ವೀಲ್‌ಚೇರ್, ವಾಕರ್‌ಗಳ ಕೋಣೆ ಈಗ ವಾರಕ್ಕೆ ಎರಡು ದಿನ ತೆರೆದಿರತ್ತೆ. ವಾಪಸ್ ಬಂದದ್ದನ್ನ ಬ್ರೇಕು, ಚಕ್ರ ನೋಡಿ, ಒರೆಸಿ ಆಮೇಲೆ ಇನ್ನೊಬ್ಬರಿಗೆ ಕೊಡೋದು. ಹಳೇ ಕನ್ನಡಕಗಳ ಪೆಟ್ಟಿಗೆ ತುಂಬಿದೆ, ಪವರ್ ಅಳೆದು ವಿಂಗಡಿಸೋಕೆ ಬರೋರು ಬೇಕು.

ರಕ್ತದಾನದ ವಿಷಯದಲ್ಲೂ ನಮ್ಮ ರೀತಿ ಬದಲಾಗ್ತಿದೆ. ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡಿ, ಇಷ್ಟು ಯೂನಿಟ್ ಅಂತ ಬ್ಯಾನರ್ ಮೇಲೆ ಹಾಕ್ತಿದ್ವಿ. ಆದರೆ ಕೆಂಪು ರಕ್ತಕಣ ಇಡಬಹುದಾದದ್ದು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ ಸಾಮಾನ್ಯವಾಗಿ 5ರಿಂದ 7 ದಿನ. ಒಂದೇ ದಿನ ಎಲ್ಲರೂ ಕೊಟ್ಟರೆ ಎರಡು ತಿಂಗಳಾದ ಮೇಲೆ ಬೇಕಾದವರಿಗೆ ಏನು ಸಿಗತ್ತೆ? ಅದಕ್ಕೇ ದಾನಿಗಳನ್ನ ಗುಂಪು ಮಾಡಿ, ವರ್ಷವಿಡೀ ಸರದಿಯಲ್ಲಿ ಕಳಿಸೋಣ ಅಂತ ರಕ್ತನಿಧಿಯವರ ಜೊತೆ ಮಾತಾಡಿದೀವಿ. ಗ್ರೂಪ್ ಫೋಟೋ ಸಣ್ಣದಾಗತ್ತೆ. ಪರವಾಗಿಲ್ಲ.

ಆ ತಾಯಿ ಏನಾದ್ರು ಅಂತ ಕೇಳ್ತೀರಿ, ಗೊತ್ತು. ಅವತ್ತು ದಾರಿಯಲ್ಲಿ ಸಿಕ್ಕ ಮರುವಾರವೇ ನಾನೇ ಜೊತೆಗೆ ಹೋದೆ. ಆಪರೇಷನ್ ಆಯ್ತು. ಕಣ್ಣಿಗೆ ಕಟ್ಟಿದ್ದನ್ನ ಬಿಚ್ಚಿದ ಮೇಲೆ ನನ್ನ ಮುಖಾನೇ ನೋಡ್ತಾ ಸ್ವಲ್ಪ ಹೊತ್ತು ಕೂತಿದ್ದು, "ನೀನು ಇಷ್ಟು ಚಿಕ್ಕವಳಾ?" ಅಂದ್ರು. ಇನ್ನೊಂದು ಕಣ್ಣಿನದು ಬಾಕಿ ಇದೆ. ರಿಜಿಸ್ಟರ್‌ನಲ್ಲಿ ಮೊದಲ ಪುಟದ ಮೊದಲ ಹೆಸರು ಅವರದ್ದೇ, ಬರೋ ಗುರುವಾರಕ್ಕೆ ದಿನ ಗೊತ್ತಾಗಿದೆ.

ಈಗ ಮಧ್ಯಾಹ್ನ ಮೂರು ಗಂಟೆ. ಕೆಂಪು ಗುರುತಿನವರಲ್ಲಿ ನಾಲ್ಕು ಜನರ ಫೋನ್ ಇನ್ನೂ ಸಿಕ್ಕಿಲ್ಲ. ಒಬ್ಬರು ಕೊಟ್ಟ ನಂಬರ್ ಪಕ್ಕದ ಮನೆಯವರದ್ದಂತೆ, ಸಂಜೆ ಆರಕ್ಕೆ ಮಾಡಿ ಅಂದಿದ್ದಾರೆ. ಕ್ಯಾಮೆರಾ ಇಲ್ಲೇ ಆಫ್ ಮಾಡ್ತೀನಿ, ಉಳಿದ ಮೂವರಿಗೆ ಇನ್ನೊಂದು ಸಲ ಪ್ರಯತ್ನ ಮಾಡಬೇಕು.