ಒಂದು ಸೀಲ್, ಏಳು ಮನೆ

ಕ್ಯಾಮೆರಾ ಯಾಕೆ ಇಷ್ಟು ಕೆಳಗಿದೆ ಅಂತ ನಿಮಗೆ ಅನ್ನಿಸಿರಬಹುದು. ಕೆನಡಾದ ಉತ್ತರದ ಮೂಲನಿವಾಸಿಗಳಾದ ಇನುಯಿಟ್ ಜನರ ಮನೆಯೊಂದರಲ್ಲಿ ಅಜ್ಜಿ ನೆಲದ ಮೇಲೆ ಕೂತಿದ್ದಾರೆ, ಅದಕ್ಕೆ. ನಾನೂ ಅವರ ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದೇನೆ. ದೊಡ್ಡದೊಂದು ರಟ್ಟಿನ ಡಬ್ಬವನ್ನು ಬಿಚ್ಚಿ ಅಡುಗೆಮನೆ ನೆಲಕ್ಕೆ ಹಾಸಿದ್ದಾರೆ. ಮಗುವಿನ ಡೈಪರ್ ಬಂದಿದ್ದ ಡಬ್ಬ ಅದು. ಅದರ ಮೇಲೆ, ಬೆಳಗ್ಗೆ ಮೊಮ್ಮಗ ಹೊಡೆದು ತಂದ ಸೀಲ್, ಇಲ್ಲಿನ ಸಮುದ್ರದ ಪ್ರಾಣಿ.

ಅಜ್ಜಿಯ ಕೈಯಲ್ಲಿರುವುದು ಉಲು. ಅರ್ಧಚಂದ್ರದ ಹಾಗೆ ಬಾಗಿದ ಅಲಗು, ನಡುವೆ ಹಿಡಿ. ಇದು ಇಲ್ಲಿ ಹೆಂಗಸರ ಚಾಕು. ಚರ್ಮ ಬಿಡಿಸುವುದು, ಮಾಂಸ ಕತ್ತರಿಸುವುದು, ಬಟ್ಟೆ ಹೊಲಿಯುವಾಗ ತೊಗಲು ಕೊಯ್ಯುವುದು, ಎಲ್ಲಕ್ಕೂ ಇದೊಂದೇ. ನೋಡಿ, ಚರ್ಮಕ್ಕೂ ಕೊಬ್ಬಿಗೂ ನಡುವೆ ಆ ಅಲಗು ಹೇಗೆ ಜಾರುತ್ತಿದೆ. ಎಲ್ಲೂ ಎಳೆದಾಟ ಇಲ್ಲ. ಅಜ್ಜಿಗೆ ಎಪ್ಪತ್ತೈದು ದಾಟಿದೆ.

ಮುಖ ಬೇಡ, ಕೈ ತೆಗೆದುಕೋ, ಅಂತ ಅವರು ಮೊದಲೇ ಹೇಳಿದ್ದರು. ಹಾಗಾಗಿ ಈ ವಿಡಿಯೋದಲ್ಲಿ ನಿಮಗೆ ಕೈಗಳೇ ಜಾಸ್ತಿ ಕಾಣುತ್ತವೆ. ನಾನು ಅವರನ್ನು ಅನಾನಾಟ್ಸಿಯಾಕ್ ಅಂತ ಕರೆಯುತ್ತೇನೆ. ಇಲ್ಲಿನವರ ಇನುಕ್ಟಿಟುಟ್ ಭಾಷೆಯಲ್ಲಿ ಅಜ್ಜಿ ಅಂತ. ನನ್ನ ಉಚ್ಚಾರ ಕೇಳಿ ಅವರು ಪ್ರತಿ ಸಲ ನಕ್ಕು ತಿದ್ದುತ್ತಾರೆ. ನಮ್ಮಿಬ್ಬರ ಮಾತನ್ನು ಅತ್ತಿತ್ತ ದಾಟಿಸುವವಳು ಅವರ ಮೊಮ್ಮಗಳು.

ಈ ಊರಿನ ಹೆಸರು ಪ್ಯಾಂಗ್ನಿರ್ಟಂಗ್. ಎಲ್ಲರ ಬಾಯಲ್ಲೂ ಬರೀ ಪ್ಯಾಂಗ್. ಕೆನಡಾದ ಬ್ಯಾಫಿನ್ ದ್ವೀಪದಲ್ಲಿ, ಆರ್ಕ್ಟಿಕ್ ವೃತ್ತಕ್ಕೆ ಸ್ವಲ್ಪ ದಕ್ಷಿಣಕ್ಕಿದೆ. ಸುಮಾರು 1,500 ಜನ. ಹಿಂದೆ ಬೆಟ್ಟ, ಮುಂದೆ ಹೆಪ್ಪುಗಟ್ಟಿದ ಸಮುದ್ರ, ಊರಿನ ನಟ್ಟನಡುವೆ ವಿಮಾನದ ರನ್‌ವೇ. ಮಕ್ಕಳು ಅದರ ಬೇಲಿ ಪಕ್ಕದಲ್ಲೇ ಸ್ಕೂಲಿಗೆ ಹೋಗುತ್ತವೆ.

ಪ್ಯಾಂಗ್ ಇರುವುದು ಕೆನಡಾದ ನುನಾವುಟ್ ಎಂಬ ಪ್ರದೇಶದಲ್ಲಿ. ನುನಾವುಟ್ ಅಂದರೆ 'ನಮ್ಮ ನೆಲ'. ಇನುಯಿಟ್ ಜನ ವರ್ಷಗಟ್ಟಲೆ ಮಾತುಕತೆ ನಡೆಸಿ, 1993ರಲ್ಲಿ ಒಪ್ಪಂದ ಮಾಡಿಕೊಂಡು, 1999ರ ಏಪ್ರಿಲ್ 1ರಂದು ಪಡೆದುಕೊಂಡ ನೆಲ. ನಮ್ಮ ಕರ್ನಾಟಕದಂಥ ಹತ್ತು ರಾಜ್ಯ ಜೋಡಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಅಷ್ಟು ದೊಡ್ಡ ನೆಲದಲ್ಲಿ 2021ರ ಜನಗಣತಿ ಪ್ರಕಾರ ಇರುವವರು ಸುಮಾರು 37 ಸಾವಿರ ಜನ. ಊರುಗಳು 25. ಒಂದೂರಿಂದ ಇನ್ನೊಂದೂರಿಗೆ ರಸ್ತೆ ಇಲ್ಲ. ಒಂದಕ್ಕೂ ಇಲ್ಲ.

ನಾನಿರುವುದು ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ. ನನ್ನ ಗೆಳತಿ ಇಲ್ಲಿನ ಹೆಲ್ತ್ ಸೆಂಟರ್‌ನಲ್ಲಿ ನರ್ಸ್. ಬಾ ಬಾ ಅಂತ ಎರಡು ವರ್ಷದಿಂದ ಕರೆಯುತ್ತಿದ್ದಳು. ಕೊನೆಗೆ ಈ ಏಪ್ರಿಲ್‌ನಲ್ಲಿ ಹೊರಟೆ. ಮೂರು ಗಂಟೆ ಹಾರಿ ನುನಾವುಟ್‌ನ ರಾಜಧಾನಿ ಇಕಾಲುಯಿತ್ ತಲುಪಿದೆ. ಅಲ್ಲಿಂದ ಪ್ಯಾಂಗ್‌ಗೆ ಒಂದು ಗಂಟೆ ದಾರಿ. ಆದರೆ ಇಲ್ಲಿ ಗಾಳಿ ಎದ್ದಿತ್ತು. ವಿಮಾನ ಎರಡು ದಿನ ಏಳಲಿಲ್ಲ. ನನ್ನ ಜೊತೆ ಕಾಯುತ್ತಿದ್ದವರು ಯಾರೂ ಗೊಣಗಲಿಲ್ಲ. ಗಾಳಿ ನಿಲ್ಲಬೇಕು, ಅಷ್ಟೇ. ಮೂರನೇ ದಿನ ಹೊರಟಾಗ ನಮ್ಮ ಜೊತೆಯಲ್ಲೇ ಹಾಲು, ಬಾಳೆಹಣ್ಣು, ಬ್ರೆಡ್ಡೂ ಹೊರಟವು. ಅವೂ ಎರಡು ದಿನ ಕಾದಿದ್ದವು.

ಪ್ಯಾಂಗ್‌ನಲ್ಲಿ ಇಳಿದ ಮಾರನೇ ದಿನ ಅಂಗಡಿಗೆ ಹೋದೆ. ತರಕಾರಿ ಸಾಲು ಅರ್ಧ ಖಾಲಿ. ಉಳಿದಿದ್ದ ಟೊಮೇಟೊ ಮುಟ್ಟಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಬೆಲೆಯ ಚೀಟಿಗೆ ಕ್ಯಾಮೆರಾ ಹಿಡಿಯುವುದು ನನಗೆ ಇಷ್ಟವಾಗಲಿಲ್ಲ. ಆ ಕೆಲಸವನ್ನು ಇಲ್ಲಿನವರೇ ಮಾಡಿದ್ದಾರೆ. 2012ರಲ್ಲಿ ಇಕಾಲುಯಿತ್‌ನ ಲೀಸೀ ಪಪಾಟ್ಸಿ ಎಂಬ ತಾಯಿ ಫೇಸ್‌ಬುಕ್‌ನಲ್ಲಿ ಒಂದು ಗುಂಪು ಶುರು ಮಾಡಿದರು. ನುನಾವುಟ್‌ನ ಊರೂರಿಂದ ಜನ ತಮ್ಮ ಅಂಗಡಿಯ ಫೋಟೋ ಹಾಕತೊಡಗಿದರು. ಒಂದು ಎಲೆಕೋಸಿಗೆ 28 ಡಾಲರ್. 24 ನೀರಿನ ಬಾಟಲಿಗೆ 100 ಡಾಲರ್ ಮೇಲೆ. ಇನುಯಿಟ್ ಜನ ಬೀದಿಗಿಳಿದು ಕೂಗುವವರಲ್ಲ. ಆದರೂ ಆ ವರ್ಷ ಜೂನ್‌ನಲ್ಲಿ ಫಲಕ ಹಿಡಿದು ಅಂಗಡಿಗಳ ಮುಂದೆ ನಿಂತರು.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2011ರಿಂದ ಒಂದು ಸಬ್ಸಿಡಿ ಯೋಜನೆ ಇದೆ, ನ್ಯೂಟ್ರಿಷನ್ ನಾರ್ತ್ ಅಂತ. ದುಡ್ಡು ಹೋಗುವುದು ಅಂಗಡಿಯವರಿಗೆ, ಕೆಜಿ ಲೆಕ್ಕದಲ್ಲಿ. ಅವರು ಅದನ್ನು ಬೆಲೆಯಲ್ಲಿ ಇಳಿಸಬೇಕು. ಪೂರ್ತಿ ಇಳಿಸುತ್ತಾರಾ? 2014ರಲ್ಲಿ ಕೆನಡಾದ ಮಹಾಲೇಖಪಾಲರೇ, ಅದನ್ನು ಖಚಿತಪಡಿಸಿಕೊಳ್ಳಲು ಬೇಕಾದ ಮಾಹಿತಿಯನ್ನು ಇಲಾಖೆ ಪಡೆದಿಲ್ಲ ಅಂತ ವರದಿ ಕೊಟ್ಟರು. ತಿನ್ನುವವರ ಕೈಗೆ ಬಾರದೆ ಮಾರುವವರ ಕೈಗೆ ಹೋಗುವ ಸಹಾಯ ಇದು. ಇದು ನನಗೆ ಸರಿ ಕಾಣುವುದಿಲ್ಲ.

ಈಗ ಕಾಣುತ್ತಿರುವುದು ಅಜ್ಜಿ ಮನೆಯ ಹೊರಗಿನ ಮರದ ಪೆಟ್ಟಿಗೆಗಳು. ವರ್ಷದಲ್ಲಿ ಮಂಜು ಕರಗಿದ ಮೂರ್ನಾಲ್ಕು ತಿಂಗಳು ಮಾತ್ರ ದಕ್ಷಿಣದಿಂದ ಹಡಗು ಬರುತ್ತದೆ. ಕೈಯಲ್ಲಿ ಕಾಸಿದ್ದವರು ಅಕ್ಕಿ, ಹಿಟ್ಟು, ಟಾಯ್ಲೆಟ್ ಪೇಪರ್, ಡೈಪರ್, ಸ್ನೋಮೊಬೈಲ್ ಎಲ್ಲವನ್ನೂ ಒಟ್ಟಿಗೆ ತರಿಸಿಕೊಳ್ಳುತ್ತಾರೆ. ವಿಮಾನಕ್ಕಿಂತ ಎಷ್ಟೋ ಅಗ್ಗ. ಮಳೆಗಾಲ ಹಿಡಿಯುವ ಮೊದಲು ನಮ್ಮ ಮಲೆನಾಡಿನ ಮನೆಗಳಲ್ಲಿ ಅಟ್ಟ ತುಂಬಿಸುವುದು ನೆನಪಾಯಿತು ನನಗೆ. ಆದರೆ ಇಲ್ಲಿ ಒಂದು ತೊಡಕಿದೆ. ವರ್ಷದ ಸಾಮಾನಿಗೆ ದುಡ್ಡು ಒಂದೇ ಸಲ ಕೊಡಬೇಕು. ಜೊತೆಗೆ ಇಡುವುದಕ್ಕೆ ಜಾಗ, ಆರ್ಡರ್ ಮಾಡುವುದಕ್ಕೆ ಕ್ರೆಡಿಟ್ ಕಾರ್ಡ್ ಬೇಕು. ಯಾರ ಹತ್ತಿರ ಇದು ಯಾವುದೂ ಇಲ್ಲವೋ ಅವರೇ ಫೆಬ್ರವರಿಯಲ್ಲಿ ಅಂಗಡಿಗೆ ಹೋಗಿ ಜಾಸ್ತಿ ದುಡ್ಡು ಕೊಟ್ಟು ಡೈಪರ್ ತರುತ್ತಾರೆ.

ಅಷ್ಟು ದೂರದ ಜಾಗ, ಬೆಲೆ ಜಾಸ್ತಿ ಇರದೇ ಇನ್ನೇನು, ಅಂತ ನೀವು ಕೇಳಬಹುದು. ಬರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಉತ್ತರ ಸಿಕ್ಕಿದ್ದು ಈ ರಟ್ಟಿನ ಮುಂದೆ ಕೂತಾಗ.

ಅಜ್ಜಿ ಹುಟ್ಟಿದ್ದು ಈ ಊರಲ್ಲಲ್ಲ. ಆಗ ಇಲ್ಲಿ ಒಂದು ವ್ಯಾಪಾರದ ಕೋಠಿ, ಪೊಲೀಸ್ ಠಾಣೆ, ಮಿಷನ್ ಆಸ್ಪತ್ರೆ ಇದ್ದವು. ಇನುಯಿಟ್ ಜನ ಇದ್ದದ್ದು ಕಂಬರ್‌ಲ್ಯಾಂಡ್ ಸೌಂಡ್ ಎಂಬ ಈ ಕೊಲ್ಲಿಯ ಸುತ್ತ, ಸಣ್ಣ ಸಣ್ಣ ಬಿಡಾರಗಳಲ್ಲಿ. ಹುಲ್ಲುಹೆಂಟೆ, ಚರ್ಮ ಹೊದಿಸಿದ ಗುಡಿಸಲು. ಒಳಗೆ ಕುಲಿಕ್, ಅಂದರೆ ಸೀಲ್ ಕೊಬ್ಬಿನಿಂದ ಉರಿಯುವ ಕಲ್ಲಿನ ದೀಪ. ಬೆಳಕೂ ಅದೇ, ಒಲೆಯೂ ಅದೇ. ಅಂಗಡಿ ದೂರ ಅನ್ನುವ ಮಾತೇ ಇರಲಿಲ್ಲ, ಯಾಕೆಂದರೆ ಊಟ ಹತ್ತಿರವೇ ಇತ್ತು. ನಾಯಿಗಳ ಗಾಡಿ ಕಟ್ಟಿಕೊಂಡು ಸೀಲ್ ಇರುವ ಕಡೆಗೆ ಹೋಗುತ್ತಿದ್ದರು.

1962ರ ಚಳಿಗಾಲದಲ್ಲಿ ನಾಯಿಗಳಿಗೆ ರೋಗ ಬಂತು. ಕೊಲ್ಲಿಯ ಸುತ್ತ ಬಿಡಾರ ಬಿಡಾರದಲ್ಲೂ ನಾಯಿಗಳು ಸತ್ತವು. ನಾಯಿ ಇಲ್ಲದೆ ಬೇಟೆ ಇಲ್ಲ. ಸರ್ಕಾರ ಜನರನ್ನು ವಿಮಾನದಲ್ಲಿ ಪ್ಯಾಂಗ್‌ಗೆ ತಂದು ಇಳಿಸಿತು. ಅಜ್ಜಿ ಆಗ ಹನ್ನೆರಡರ ಆಸುಪಾಸಿನ ಹುಡುಗಿ. ಕೆಲವರು ಆಮೇಲೆ ಬಿಡಾರಕ್ಕೆ ಮರಳಿದರು. ಆದರೆ ಸ್ಕೂಲು ಇಲ್ಲಿ, ಮನೆ ಇಲ್ಲಿ, ಸರ್ಕಾರದ ಭತ್ಯೆ ಇಲ್ಲಿ. ಒಬ್ಬೊಬ್ಬರಾಗಿ ಎಲ್ಲರೂ ಇಲ್ಲೇ ನೆಲೆಯಾದರು. ಊರುಗಳಲ್ಲಿ ಕಟ್ಟಿಲ್ಲದ ನಾಯಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು. ಇದೇ ಪ್ರದೇಶದ ಇನುಯಿಟ್ ಜನರ ಮುಂದೆ 2019ರ ಆಗಸ್ಟ್‌ನಲ್ಲಿ ಕೆನಡಾ ಸರ್ಕಾರ ಅದಕ್ಕೆ ಕ್ಷಮೆ ಕೇಳಿತು.

ನಾಯಿ ಹೋದ ಮೇಲೆ ಸ್ನೋಮೊಬೈಲ್ ಬಂತು. ನಾಯಿ ಸೀಲ್ ಮಾಂಸ ತಿಂದು ಓಡುತ್ತಿತ್ತು. ಸ್ನೋಮೊಬೈಲ್ ಪೆಟ್ರೋಲ್ ಕುಡಿಯುತ್ತದೆ. ಪೆಟ್ರೋಲಿಗೆ ದುಡ್ಡು ಬೇಕು. ಆ ದುಡ್ಡು ಎಲ್ಲಿಂದ ಬರುತ್ತಿತ್ತು ಗೊತ್ತಾ? ಇದೇ ಚರ್ಮದಿಂದ. ಮಾಂಸ ಮನೆಗೆ, ಚರ್ಮ ಮಾರಾಟಕ್ಕೆ. ಬಂದ ದುಡ್ಡಲ್ಲಿ ಪೆಟ್ರೋಲ್, ಗುಂಡು, ಮತ್ತೆ ಬೇಟೆ. ಹೇಗೋ ಸರಿದೂಗುತ್ತಿತ್ತು.

ಆಮೇಲೆ ಯುರೋಪಿನಲ್ಲಿ ಸೀಲ್ ಬೇಟೆಯ ವಿರುದ್ಧ ದೊಡ್ಡ ಚಳವಳಿ ಎದ್ದಿತು. ಹಿಮದ ಮೇಲೆ ಮಲಗಿದ ಬಿಳಿ ಮರಿಯ ಚಿತ್ರ, ದೊಡ್ಡ ಕಪ್ಪು ಕಣ್ಣು. ನಾನು ಮಾಂಸ ತಿನ್ನದ ಮನೆಯಲ್ಲಿ ಬೆಳೆದವಳು. ಕಾಲೇಜಿನ ದಿನಗಳಲ್ಲಿ ಅಂಥದೊಂದು ಚಿತ್ರ ನೋಡಿ ನನ್ನ ಹೊಟ್ಟೆಯೂ ಉರಿದಿತ್ತು. 1983ರಲ್ಲಿ ಯುರೋಪ್ ಆ ಮರಿಗಳ ಚರ್ಮದ ಆಮದನ್ನು ನಿಲ್ಲಿಸಿತು. ಈ ಜನ ಬೇಟೆಯಾಡುವುದು ಆ ಮರಿಗಳನ್ನಲ್ಲ. ಇವರದು ರಿಂಗ್ಡ್ ಸೀಲ್, ಬೇರೆಯದೇ ಜಾತಿ, ಅದೂ ತಿನ್ನುವುದಕ್ಕೆ. ಆದರೆ ಕೊಳ್ಳುವವನಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಎಲ್ಲ ಸೀಲ್ ಚರ್ಮದ ಬೆಲೆಯೂ ಕುಸಿದು ಹೋಯಿತು. 2009ರಲ್ಲಿ ಯುರೋಪಿಯನ್ ಒಕ್ಕೂಟ ಸೀಲ್‌ನ ಎಲ್ಲ ಸರಕನ್ನೂ ನಿಷೇಧಿಸಿತು. ಇನುಯಿಟ್ ಜನರಿಗೆ ವಿನಾಯಿತಿ ಬರೆದರು. ಅಷ್ಟು ಹೊತ್ತಿಗೆ ಕೊಳ್ಳುವವರೇ ಉಳಿದಿರಲಿಲ್ಲ.

ಅಜ್ಜಿ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. "ನಮ್ಮನ್ನು ಯಾರೂ ಕೇಳಲಿಲ್ಲ" ಅಂದರು. ಕತ್ತರಿಸುವುದನ್ನು ಮುಂದುವರಿಸಿದರು. ನಾನು ಆ ಚಿತ್ರ ನೋಡಿ ಮರುಗಿದ್ದ ವಿಷಯ ಅವರಿಗೆ ಹೇಳಬೇಕು ಅನ್ನಿಸಿತು, ಹೇಳಿದೆ. ಮೊಮ್ಮಗಳು ಅದನ್ನು ದಾಟಿಸಿದಳು. ಅಜ್ಜಿ ನನ್ನ ಕಡೆ ಒಂದು ಕ್ಷಣ ನೋಡಿ, ರಕ್ತದ ಕೈಯಲ್ಲೇ ನನ್ನ ಮೊಣಕಾಲು ತಟ್ಟಿದರು.

ಈಗಿನ ಕಷ್ಟ ಏನು ಅಂದರೆ ಇದು. ಕೆಲಸ ಇರುವವರಿಗೆ ಬೇಟೆಗೆ ಹೊತ್ತಿಲ್ಲ. ಹೊತ್ತಿರುವವರಿಗೆ ಪೆಟ್ರೋಲಿಗೆ ದುಡ್ಡಿಲ್ಲ. ಈ ಮನೆಯಲ್ಲಿ ಮೊಮ್ಮಗಳಿಗೆ ಆಫೀಸಿನಲ್ಲಿ ಕೆಲಸ. ಮೊಮ್ಮಗ ಬೇಟೆಗಾರ, ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಟರ್ಬಟ್ ಮೀನು ಹಿಡಿದು ಊರಿನ ಮೀನು ಕಾರ್ಖಾನೆಗೆ ಹಾಕುತ್ತಾನೆ. ಅಕ್ಕನ ಸಂಬಳದಲ್ಲಿ ತಮ್ಮನ ಸ್ನೋಮೊಬೈಲ್ ಓಡುತ್ತದೆ. ತಮ್ಮನ ಸೀಲ್‌ನಲ್ಲಿ ಅಕ್ಕನ ಮಕ್ಕಳು ಉಣ್ಣುತ್ತವೆ. ಹೀಗೆ ಒಬ್ಬರು ದುಡಿಯುವವರೂ ಇಲ್ಲದ ಮನೆ ಎಷ್ಟೋ ಇವೆ. 2007-08ರಲ್ಲಿ ನಡೆದ ಇನುಯಿಟ್ ಆರೋಗ್ಯ ಸಮೀಕ್ಷೆಯಲ್ಲಿ ನುನಾವುಟ್‌ನ ಹತ್ತರಲ್ಲಿ ಸುಮಾರು ಏಳು ಮನೆಗಳಿಗೆ ಸರಿಯಾದ ಊಟದ ಭರವಸೆ ಇರಲಿಲ್ಲ. ಕೆನಡಾದಂಥ ದೇಶದಲ್ಲಿ. ಈಚೆಗೆ ಬೇಟೆಗಾರರಿಗೂ ಸಹಾಯಧನ ಕೊಡುತ್ತಿದ್ದಾರೆ. ಅದು ಇನ್ನೂ ಹೆಚ್ಚಬೇಕು ಅನ್ನುವುದು ಇಲ್ಲಿ ನಾನು ಮಾತಾಡಿಸಿದ ಎಲ್ಲರ ಮಾತು, ನನ್ನದೂ.

ಮನೆ ತೋರಿಸುತ್ತೇನೆ, ಬನ್ನಿ. ಮೂರು ಕೋಣೆ. ಇರುವವರು ಒಂಬತ್ತು ಜನ. ಹಾಲ್‌ನಲ್ಲಿ ಗೋಡೆಗೆ ಒರಗಿಸಿಟ್ಟಿರುವ ಹಾಸಿಗೆಗಳು ರಾತ್ರಿ ನೆಲಕ್ಕೆ ಬರುತ್ತವೆ. ನೀರು ಲಾರಿಯಲ್ಲಿ ಬಂದು ಮನೆಯ ಟ್ಯಾಂಕ್ ತುಂಬುತ್ತದೆ, ಕೊಳಚೆಯನ್ನು ಇನ್ನೊಂದು ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಕರೆಂಟ್ ಡೀಸೆಲ್‌ನಿಂದ. 2021ರ ಜನಗಣತಿಯಲ್ಲಿ ಉತ್ತರದ ಇನುಯಿಟ್ ಪ್ರದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನುಯಿಟ್ ಜನ ಹೀಗೆ ಕಿಕ್ಕಿರಿದ ಮನೆಗಳಲ್ಲಿದ್ದರು. ಒಬ್ಬರಿಗೆ ಕೆಮ್ಮು ಬಂದರೆ ಮನೆಯವರೆಲ್ಲ ಕೆಮ್ಮುತ್ತಾರೆ. ಅದೇ ವರ್ಷ ನವೆಂಬರ್‌ನಲ್ಲಿ ಪ್ಯಾಂಗ್‌ನಲ್ಲಿ ಕ್ಷಯ ಹರಡಿದೆ ಅಂತ ಸರ್ಕಾರವೇ ಘೋಷಿಸಿತು. ಮಾತ್ರೆ ಕೊಡುವುದು ನಮ್ಮ ಕೆಲಸ, ಕೋಣೆ ಕೊಡುವವರು ಯಾರು, ಅಂತ ನನ್ನ ಗೆಳತಿ ಕೇಳುತ್ತಾಳೆ. ಊರಲ್ಲಿ ಆಸ್ಪತ್ರೆ ಇಲ್ಲ. ಬಸುರಿಯರು ಹೆರಿಗೆಗೆ ವಾರಗಟ್ಟಲೆ ಮೊದಲೇ ಊರು ಬಿಟ್ಟು ಇಕಾಲುಯಿತ್‌ಗೆ ಹೋಗಬೇಕು.

ಕ್ಷಯ ಅನ್ನುವ ಮಾತು ಬಂದಾಗ ಅಜ್ಜಿ ಸುಮ್ಮನಾದರು. 1950ರ ದಶಕದ ನಡುವಿನಲ್ಲಿ ಏಳರಲ್ಲಿ ಒಬ್ಬ ಇನುಯಿಟ್ ದಕ್ಷಿಣದ ಕ್ಷಯದ ಆಸ್ಪತ್ರೆಗಳಲ್ಲಿದ್ದ ಕಾಲ ಒಂದಿತ್ತು. ಹಡಗಿನಲ್ಲೇ ಎಕ್ಸ್‌ರೇ ತೆಗೆದು, ಎಷ್ಟೋ ಸಲ ಮನೆಯವರಿಗೆ ಹೇಳಿ ಬರಲೂ ಬಿಡದೆ ಕರೆದೊಯ್ಯುತ್ತಿದ್ದರು. ಹಾಗೆ ಹೋದವರಲ್ಲಿ ಅಜ್ಜಿಯ ಚಿಕ್ಕಮ್ಮನೂ ಒಬ್ಬರು. ಎಲ್ಲಿ ಮಣ್ಣು ಮಾಡಿದರು ಅಂತ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಟ್ರುಡೊ ಇಕಾಲುಯಿತ್‌ಗೆ ಬಂದು ಕ್ಷಮೆ ಕೇಳಿದರು. ಸಮಾಧಿ ಹುಡುಕಿಕೊಡುವ ಕೆಲಸವೂ ಶುರುವಾಗಿದೆ. ಅದರ ಹೆಸರು ನನಿಲಾವುಟ್, 'ಅವರನ್ನು ಹುಡುಕೋಣ'.

ಮತ್ತೆ ಅಡುಗೆಮನೆಗೆ ಬರೋಣ. ಸೀಲ್ ಈಗ ಸೀಲ್‌ನಂತೆ ಕಾಣುತ್ತಿಲ್ಲ. ಚರ್ಮ ಒಂದು ಕಡೆ, ಅದರಿಂದ ಮಗುವಿಗೆ ಬೂಟು ಆಗಬೇಕು. ಕೊಬ್ಬು ಒಂದು ಕಡೆ. ಬಿಸಿ ಇನ್ನೂ ಆರದ ಲಿವರ್ ಅನ್ನು ಮಕ್ಕಳು ಸುತ್ತ ಕೂತು ತಿನ್ನುತ್ತಿವೆ. ಮಾಂಸ ಎಷ್ಟು ಕಪ್ಪುಗೆಂಪು ನೋಡಿ, ಅಷ್ಟು ಕಬ್ಬಿಣದ ಅಂಶ ಇದೆ ಅದರಲ್ಲಿ. ಅಂಗಡಿಯ ಮೆತ್ತನೆ ಟೊಮೇಟೊ ಇದಕ್ಕೆ ಎಲ್ಲಿ ಸಾಟಿ.

ಅಜ್ಜಿ ಅಂಗಡಿಯ ಪ್ಲಾಸ್ಟಿಕ್ ಕವರ್‌ಗಳನ್ನು ಸಾಲಾಗಿ ಇಟ್ಟರು. ಏಳು ಕವರ್. ತೂಕ ಇಲ್ಲ, ಲೆಕ್ಕ ಇಲ್ಲ. ಇದು ತಂಗಿಗೆ. ಇದು ಹೊಸ ಬಾಣಂತಿಗೆ, ಎದೆಮೂಳೆಯ ಭಾಗ. ಇದು ಹಲ್ಲಿಲ್ಲದ ಮುದುಕರಿಗೆ, ಮೆತ್ತಗಿನ ತುಂಡು. ಇದು ಆ ಹಸಿರು ಮನೆಗೆ, ಅವನ ಸ್ನೋಮೊಬೈಲ್ ಕೆಟ್ಟು ಎರಡು ತಿಂಗಳಾಯಿತು. ಯಾರೂ ಇದಕ್ಕೆ ದುಡ್ಡು ಕೊಡುವುದಿಲ್ಲ. ಕೊಡಲು ಹೋದರೆ ಅಜ್ಜಿಗೆ ಬೇಜಾರಾಗುತ್ತದೆ ಅಂದಳು ಮೊಮ್ಮಗಳು. ಕೊನೆಗೆ ಈ ಮನೆಗೆ ಉಳಿದಿದ್ದು ಒಂದು ಪಾತ್ರೆ ತುಂಬ.

ಹಸಿರು ಮನೆಯ ಕವರ್ ನನ್ನ ಕೈಗೆ ಬಂತು. ರಾತ್ರಿ ಎಂಟೂವರೆ, ಸೂರ್ಯ ಇನ್ನೂ ಬೆಟ್ಟದ ತುದಿಯಲ್ಲಿ. ಬೂಟಿನಡಿ ಹಿಮ ಕರಕರ ಅನ್ನುತ್ತಿದೆ. ಮುಂದೆ ಓಡುತ್ತಿರುವುದು ಅಜ್ಜಿಯ ಆರು ವರ್ಷದ ಮರಿಮಗಳು, ದಾರಿ ತೋರಿಸುವುದಕ್ಕೆ. ಮೆಟ್ಟಿಲು ಹತ್ತಿ ನಾನು ಬಾಗಿಲು ತಟ್ಟಲು ಕೈ ಎತ್ತಿದೆ. ಅವಳು ನನ್ನ ತೋಳು ಹಿಡಿದು ಕೆಳಗೆಳೆದಳು. ತಟ್ಟುವವರು ಪೊಲೀಸರು ಅಂತೆ. ಆಮೇಲೆ ತಾನೇ ಬಾಗಿಲು ತಳ್ಳಿ, ಬೂಟು ಬಿಚ್ಚಿ ಒಳಗೆ ಓಡಿದಳು. ಒಳಗಿನಿಂದ ಯಾರೋ, ಚಳಿ ಬರುತ್ತಿದೆ, ಬೇಗ ಒಳಗೆ ಬಾ, ಅಂತ ಕರೆದರು.