ಇದು ಕೊಳಕಿನ ಕಾಯಿಲೆ ಅಲ್ಲ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಇವತ್ತಿನ ಮಾತಿಗೆ ನಾನು ಕಳಿಸಿದ ವಿಷಯ 'ಕೆಳಗಿನ ತುರಿಕೆ ಮತ್ತು ಉರಿಮೂತ್ರ'. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುವುದು 'ಯುವತಿಯರು ಮತ್ತು ಸ್ವಚ್ಛತೆ'. ಬದಲಾಯಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ನೋಟಿಸ್ ಬೋರ್ಡಿಗೆ ಹಾಕಬೇಕಲ್ವಾ, ಮುಜುಗರ ಆಗಿರುತ್ತದೆ. ಆದರೆ ಆ 'ಸ್ವಚ್ಛತೆ' ಅನ್ನುವ ಮಾತಿನ ಜೊತೆಗೇ ನನ್ನ ಜಗಳ. ತುರಿಕೆ ಶುರುವಾದ ಹುಡುಗಿ ಮೊದಲು ಅಂದುಕೊಳ್ಳುವುದು, ನಾನು ಸರಿಯಾಗಿ ತೊಳೆದುಕೊಂಡಿಲ್ಲ ಅಂತ. ಅಲ್ಲ. ಇದು ಕೊಳಕಿನ ಕಾಯಿಲೆ ಅಲ್ಲ.

ನನ್ನ ಹತ್ತಿರ ಚಿಕಿತ್ಸೆಗೆ ಬಂದ ಒಬ್ಬಳ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮಾರತ್‌ಹಳ್ಳಿ ಕಡೆ ಪಿಜಿಯಲ್ಲಿದ್ದಳು, ಮೊದಲ ಕೆಲಸ. ಬಂದವಳು ಬಾಯಿ ಬಿಡಲಿಲ್ಲ. ಬಟ್ಟೆ ಚೀಲದಿಂದ ಒಂದೊಂದೇ ಸಾಮಾನು ತೆಗೆದು ನನ್ನ ಟೇಬಲ್ ಮೇಲಿಟ್ಟಳು. ಹೂವಿನ ಪರಿಮಳದ ವಾಶ್ ಬಾಟಲಿ. ಗಾಯ ತೊಳೆಯುವ ಆಂಟಿಸೆಪ್ಟಿಕ್. ಪೌಡರ್ ಡಬ್ಬ. ಕೊನೆಗೆ ಪೇಪರಿನಲ್ಲಿ ಸುತ್ತಿದ್ದ ಒಂದು ಟ್ಯೂಬ್. ಟೂತ್‌ಪೇಸ್ಟ್ ಥರ ಬುಡದಿಂದ ಸುರುಳಿ ಸುತ್ತಿ ಪೂರ್ತಿ ಹಿಂಡಿದ್ದಳು. "ಇದು ನಾಲ್ಕನೇದು ಮೇಡಂ" ಎಂದಳು. ದಿನಕ್ಕೆ ಮೂರು ಸಲ ತೊಳೆಯುತ್ತಿದ್ದಳು. ಅಲ್ಲಿನ ಚರ್ಮ ಈರುಳ್ಳಿ ಪೊರೆಯ ಹಾಗೆ ತೆಳ್ಳಗಾಗಿತ್ತು. ಮುಟ್ಟಿದರೆ ಉರಿ.

ಕನ್ನಡಕ ಹಾಕಿಕೊಂಡು ಟ್ಯೂಬಿನ ಸಣ್ಣ ಅಕ್ಷರ ಓದಿದೆ. ಫಂಗಸ್‌ಗೆ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೋಬೆಟಸಾಲ್. ಈ ಕೊನೆಯದು ತುಂಬಾ ಜೋರಾದ ಸ್ಟೆರಾಯ್ಡ್. ಹಚ್ಚಿದ ಎರಡು ದಿನಕ್ಕೆ ತುರಿಕೆ ತಗ್ಗುತ್ತದೆ, ಕೆಂಪು ಹೋಗುತ್ತದೆ. ಫಂಗಸ್ ಮಾತ್ರ ಅಡಿಯಲ್ಲೇ ಹರಡುತ್ತಿರುತ್ತದೆ. ಬಿಟ್ಟರೆ ಮತ್ತೆ ತುರಿಕೆ, ಮತ್ತೆ ಟ್ಯೂಬ್. ತೊಡೆಸಂದಿಯ ಹುಳುಕಡ್ಡಿ ಇತ್ತೀಚೆಗೆ ಬೇಗ ವಾಸಿಯಾಗದೆ ಕಾಡುವುದಕ್ಕೆ ಇದೂ ಒಂದು ಕಾರಣ. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಟ್ಟಿದ್ದರಂತೆ. ನಾನು ಅವಳಿಗೆ ಮೊದಲು ಹೇಳಿದ್ದು, ಇದನ್ನೆಲ್ಲ ನಿಲ್ಲಿಸು, ಬರೀ ನೀರು ಸಾಕು, ಅದೂ ಹೊರಗಡೆ ಮಾತ್ರ. ಅವಳಿಗೆ ನಂಬಿಕೆಯೇ ಬರಲಿಲ್ಲ. "ಗಲೀಜು ಆಗಲ್ವಾ?" ಎಂದು ಕೇಳಿದಳು.

ಆಗಲ್ಲ. ಮೊಸರಿಗೆ ಹೆಪ್ಪು ಹಾಕುತ್ತೇವಲ್ಲ, ಆ ಹೆಪ್ಪಿನ ಬ್ಯಾಕ್ಟೀರಿಯಾದ ನೆಂಟರು ಯೋನಿಯೊಳಗೂ ಇದ್ದಾರೆ. ಲ್ಯಾಕ್ಟೋಬ್ಯಾಸಿಲಸ್ ಅಂತ ಹೆಸರು. ಒಳಗೆ ಹುಳಿ ಮಾಡಿಟ್ಟು ಕಾವಲು ಕಾಯುತ್ತವೆ. ಹುಳಿ ಅಳೆಯುವ ಲೆಕ್ಕ ಪಿಎಚ್, ಅಂಕಿ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಆ ಹುಳಿಯ ಪಿಎಚ್ ಸುಮಾರು 3.8ರಿಂದ 4.5. ಸೋಪಿನದು 9ರ ಆಸುಪಾಸು. ಹೆಪ್ಪು ಹಾಕಿದ ಪಾತ್ರೆಗೆ ಯಾರಾದರೂ ಸೋಪು ನೀರು ಸುರಿಯುತ್ತಾರಾ? ಹಾಗಂತ ಅಲ್ಲಿಗೆ ಮೊಸರು ಹಚ್ಚಬೇಡಿ! ಹೋದ ಸಲ ನಾನು ಈ ಮಾತು ಹೇಳಿದ ಮೇಲೆ ಒಬ್ಬರು ಹಚ್ಚಿಕೊಂಡೇ ಬಂದಿದ್ದರು.

ಇನ್ನು ಯಾವ ತುರಿಕೆ ಯಾವುದು? ಒಡೆದ ಮೊಸರಿನ ಹಾಗೆ ಗಟ್ಟಿ ಬಿಳಿ ಸೆರಗು, ವಾಸನೆ ಇಲ್ಲ, ತಡೆಯಲಾಗದ ತುರಿಕೆ ಇದ್ದರೆ ಬಹುಶಃ ಕ್ಯಾಂಡಿಡಾ ಅನ್ನುವ ಫಂಗಸ್. ಆಂಟಿಬಯಾಟಿಕ್ ನುಂಗಿದ ಮೇಲೆ ಬರುವುದು ಜಾಸ್ತಿ, ಕಾವಲಿನವರೂ ಸತ್ತಿರುತ್ತಾರಲ್ಲ. ಮೇಲಿಂದ ಮೇಲೆ ಬಂದರೆ ಶುಗರ್ ನೋಡಿಸಿ. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಅದು ಬೇರೆ, ಬ್ಯಾಕ್ಟೀರಿಯಾದ್ದು, ಔಷಧಿಯೂ ಬೇರೆ. ಹಳದಿ ಹಸಿರು ನೊರೆ ಇದ್ದರೆ ಟ್ರೈಕೊಮೊನಾಸ್ ಅನ್ನುವ ಸೂಕ್ಷ್ಮಜೀವಿ ಇರಬಹುದು. ಅದು ದೇಹ ಸಂಪರ್ಕದಿಂದ ಬರುವಂಥದ್ದು, ಸಂಗಾತಿಗೂ ಔಷಧಿ ಬೇಕು. ಕಣ್ಣಳತೆಯಲ್ಲಿ ನಾವು ಡಾಕ್ಟರುಗಳೂ ತಪ್ಪುತ್ತೇವೆ. ಅದಕ್ಕೇ ಪರೀಕ್ಷೆ.

ಉರಿಮೂತ್ರಕ್ಕೆ ಬರುತ್ತೇನೆ. ಮನೆಯಲ್ಲಿ "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ" ಅನ್ನುತ್ತಾರೆ. ಕುಡಿಯಿರಿ, ಒಳ್ಳೆಯದೇ. ಆದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಉರಿ ಒಳಗಾ, ಹೊರಗಾ? ಮೂತ್ರ ಹೊರಗಿನ ಚರ್ಮಕ್ಕೆ ತಾಗಿದಾಗ ಉರಿದರೆ ಅದು ತುರಿಕೆಯ ಗಾಯವೇ ಇರಬಹುದು. ಒಳಗಿನಿಂದ ಉರಿ, ಗಳಿಗೆಗೊಮ್ಮೆ ಹೋಗಬೇಕು, ಹೋದರೆ ನಾಲ್ಕು ಹನಿ, ಇದು ಬಹುಶಃ ಮೂತ್ರಕೋಶದ ಸೋಂಕು. ಬಹುಪಾಲು ನಮ್ಮ ಕರುಳಿನಲ್ಲೇ ಇರುವ ಇ ಕೋಲೈ ಅನ್ನುವ ಬ್ಯಾಕ್ಟೀರಿಯಾದ ಕೆಲಸ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದು 20. ದಾರಿ ಗಿಡ್ಡ, ಅಷ್ಟೇ. ಮತ್ತೆ ಹೇಳುತ್ತೇನೆ, ಕೊಳಕಿನ ಕಾಯಿಲೆ ಅಲ್ಲ.

ಸಿಲ್ಕ್ ಬೋರ್ಡ್ ಜಾಮಿನಲ್ಲಿ ಸಿಕ್ಕಿಕೊಂಡರೆ ಎಲ್ಲಿ ಹೋಗುವುದು ಅಂತ ಬೆಳಗ್ಗೆಯಿಂದ ನೀರೇ ಕುಡಿಯದವರು ಇಲ್ಲಿ ಎಷ್ಟು ಜನ? ಕೈ ಎತ್ತಬೇಡಿ, ನನಗೆ ಗೊತ್ತು. ಪದೇ ಪದೇ ಸೋಂಕು ಬರುವ, ನೀರು ಕಡಿಮೆ ಕುಡಿಯುವ ಹೆಂಗಸರು ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿದಾಗ ವರ್ಷದಲ್ಲಿ ಸೋಂಕು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು ಅಂತ 2018ರ ಒಂದು ಅಧ್ಯಯನ ತೋರಿಸಿದೆ. ಆಫೀಸಿನಲ್ಲಿ, ಕಾಲೇಜಿನಲ್ಲಿ ಚಿಲಕ ಇರುವ, ನೀರು ಬರುವ ಟಾಯ್ಲೆಟ್ ಕೇಳಿ. ಅದೂ ಔಷಧಿಯೇ.

ಸಮಯ ಆಯಿತು ಎಂದು ಚೀಟಿ ಬಂತು. ಬೇಗ ಹೇಳಿಬಿಡುತ್ತೇನೆ. ರೂಮ್‌ಮೇಟ್ ಉಳಿಸಿದ ಅರ್ಧ ಸ್ಟ್ರಿಪ್ ಆಂಟಿಬಯಾಟಿಕ್ ನುಂಗಬೇಡಿ. ಪದೇ ಪದೇ ಬರುತ್ತಿದ್ದರೆ, ಮೊದಲ ಮಾತ್ರೆಗೆ ಮುಂಚೆ ಮೂತ್ರದ ಕಲ್ಚರ್‌ಗೆ ಕೊಡಿ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ. ಚಳಿ ಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ರಕ್ತ ಕಂಡರೂ, ಬಸುರಿ ಆಗಿದ್ದರೂ ಕಾಯಬೇಡಿ.

ಪ್ರಶ್ನೆಗಳ ಡಬ್ಬದಲ್ಲಿ ಚೀಟಿ ತುಂಬಾ ಇವೆ, ಒಂದಾದರೂ ಓದುತ್ತೇನೆ. "ಮದುವೆ ಆಗಿಲ್ಲ. ಲೇಡಿ ಡಾಕ್ಟರ್ ಹತ್ತಿರ ಹೋದರೆ ಒಳಗೆ ಪರೀಕ್ಷೆ ಮಾಡುತ್ತಾರಾ?" ನಿಮ್ಮನ್ನು ಕೇಳದೆ ಮಾಡುವ ಹಾಗಿಲ್ಲ. ಬೇಡ ಅನ್ನಬಹುದು. ಮೂತ್ರ ಪರೀಕ್ಷೆಗೆ ಅದರ ಅಗತ್ಯವೇ ಇಲ್ಲ, ಎಷ್ಟೋ ಸಲ ಸ್ವಾಬ್, ಅಂದರೆ ಹತ್ತಿ ಕಡ್ಡಿಯಲ್ಲಿ ಒರೆಸಿ ತೆಗೆಯುವ ಮಾದರಿ, ಕೂಡ ನೀವೇ ತೆಗೆದುಕೊಡಬಹುದು. ಗೆಳತಿಯನ್ನು ಜೊತೆಗೆ ಕರೆದುಕೊಂಡು ಬನ್ನಿ. ನಾಚಿಕೆ ಆದರೆ ಬಾಯಲ್ಲಿ ಹೇಳಬೇಡಿ, ಇದೇ ಥರ ಒಂದು ಚೀಟಿ ಬರೆದು ಟೇಬಲ್ ಮೇಲಿಡಿ. ನಾನು ಓದಿಕೊಳ್ಳುತ್ತೇನೆ.